ಏಳನೇ ಓಣಿಯ ಬಾಗಿಲು

ಸೆಲು ಅಜ್ಜಿ ಸಾವಿನ ದಿನ ಸುತ್ತುವ ಚಾಪೆಯ ಹಗ್ಗವನ್ನು ತಲಹೀವಾಳ ಸೊಂಟಕ್ಕೆ ಇನ್ನೊಂದು ಸುತ್ತು ಬಿಗಿದು, "ಉಸಿರು ಹಿಡ್ಕೋ, ಬಿಡ್ಬೇಡ," ಎಂದಳು. ತಲಹೀವಾ ಉಸಿರು ಹಿಡಿದುಕೊಂಡೇ ಶವಪೆಟ್ಟಿಗೆಯ ಕಡೆ ನೋಡಿದಳು. ಸೋದರಮಾವನ ಮುಖಕ್ಕೆ ಹೊದಿಸಿದ್ದ ಬಿಳಿ ಜಾಲರಿ ಬಟ್ಟೆಯ ಅಂಚು ಏಳುತ್ತಿತ್ತು, ಬೀಳುತ್ತಿತ್ತು. ಯಾರೋ ಪುಣ್ಯಾತ್ಮರು ಮನೆಯಿಂದ ಫ್ಯಾನು ಹೊತ್ತು ತಂದು ಮೂಲೆಯಲ್ಲಿ ನಿಲ್ಲಿಸಿ, ಅದರ ಮುಖವನ್ನು ನೇರ ಪೆಟ್ಟಿಗೆಗೆ ತಿರುಗಿಸಿ ಹೋಗಿದ್ದರು. ದೂರದಿಂದ ನೋಡಿದವರಿಗೆ ಮಾವ ಬಟ್ಟೆಯ ಕೆಳಗೆ ಉಸಿರಾಡುತ್ತಿದ್ದಾನೆ ಅನ್ನಿಸಬಹುದಿತ್ತು.

ಫ್ಯಾನು ತಿರುಗಿಸಿ ಅಂತ ಯಾರಿಗಾದರೂ ಹೇಳಬೇಕು. ಎರಡೇ ಮಾತು. ಆದರೆ ಚರ್ಚಿನ ಸಭಾಂಗಣದಲ್ಲಿ ಮುನ್ನೂರು ಜನ ಕೂತಿದ್ದಾರೆ, ನಾನು ಬಾಯಿ ತೆರೆದರೆ ಆ ಮುನ್ನೂರು ಜನವೂ ಇತ್ತ ತಿರುಗುತ್ತಾರೆ. ಇಂಥ ದಿನ ಇಂಥದ್ದಕ್ಕೆ ಅಂಜುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಡೈರಿಯಲ್ಲಾದರೆ ಒಂದು ಪುಟ ಬರೆದಾಳು. ಬಾಯಿಯಲ್ಲಿ ಎರಡು ಮಾತು ಬರಲಿಲ್ಲ.

"ಹೋಗು, ಕೂತ್ಕೋ," ಎಂದಳು ಅಜ್ಜಿ. "ತಲೆ ಹತ್ರ. ನಿಮ್ಮಮ್ಮ ಇದ್ದಿದ್ರೆ ನೀನು ಅವಳ ಪಕ್ಕ ಕೂತಿರ್ತಿದ್ದೆ. ಈಗ ಇರೋಳು ನೀನೊಬ್ಳೆ."

ಅವರ ದ್ವೀಪದ ಪದ್ಧತಿಯಂತೆ ಸತ್ತವನ ಅಕ್ಕನ ಹಿರಿಮಗಳು ಅವನ ತಲೆಯ ಬಳಿ ಕೂರಬೇಕು. ಅವಳೇ ಆ ದಿನದ ಫಾಹು, ಎಲ್ಲರಿಗಿಂತ ಮೇಲಿನವಳು. ಬಂದವರು ತರುವ ಚಾಪೆ, ಮರದ ತೊಗಟೆ ಬಡಿದು ಮಾಡಿದ ತೊಗಟೆಬಟ್ಟೆ ಎಲ್ಲ ಅವಳ ಮುಂದೆ ಹಾಸುತ್ತಾರೆ; ಯಾವುದು ಯಾರಿಗೆ ಎಂದು ಅವಳು ಹೇಳಿದ್ದೇ ಕೊನೆ. ಸ್ವಂತ ಹೆಂಡತಿ ಮಕ್ಕಳು ಮಾತ್ರ ಹರಕು ಚಾಪೆ ಸುತ್ತಿಕೊಂಡು, ತಲೆಗೂದಲು ಬಿಚ್ಚಿಕೊಂಡು, ಕಾಲ ಬಳಿ ಇಲ್ಲವೇ ಅಡುಗೆಮನೆಯಲ್ಲಿ. ತಲಹೀವಾಳಿಗೆ ಇಪ್ಪತ್ತಮೂರು. ಇಷ್ಟು ಎತ್ತರದಲ್ಲಿ ಅವಳು ಯಾವತ್ತೂ ಕೂತಿರಲಿಲ್ಲ.

ಜನ ಸಾಲಾಗಿ ಬಂದು ಮಾವನ ಹಣೆಗೆ ಮುತ್ತಿಟ್ಟು, ಆಮೇಲೆ ಅವಳ ಕೆನ್ನೆಗೂ ಒತ್ತಿ ಹೋಗುತ್ತಿದ್ದರು. ಎಲ್ಲರ ಕೆನ್ನೆಯೂ ಒದ್ದೆ. ಕಣ್ಣೀರು ಯಾವುದು ಬೆವರು ಯಾವುದು ಗೊತ್ತಾಗುತ್ತಿರಲಿಲ್ಲ. ಜನವರಿಯ ನಡುಬೇಸಿಗೆಯ ಆ ವಾರ ಸಿಡ್ನಿಯ ಪಶ್ಚಿಮ ಭಾಗದಲ್ಲಿ ಹಗಲಿನ ಉಷ್ಣಾಂಶ ನಲವತ್ತರಿಂದ ಕೆಳಗೆ ಇಳಿದಿರಲಿಲ್ಲ.

"ಒಂದೇ ಕ್ಷಣ ಅಂತೆ," ಎಂದಳು ಸಾಲಿನಲ್ಲಿದ್ದ ಒಬ್ಬ ಹೆಂಗಸು ಹಿಂದಿದ್ದವಳಿಗೆ. "ನಿಂತಲ್ಲೇ ಹೋಗ್ಬಿಟ್ಟ. ನೋವೇ ಆಗ್ಲಿಲ್ವಂತೆ."

"ಐವತ್ತನಾಲ್ಕು ಒಂದು ವಯಸ್ಸೇನೇ? ಹೋಗೋ ಮುಂಚಿನ ಭಾನುವಾರ ನನ್ನ ಪಕ್ಕದಲ್ಲೇ ನಿಂತು ಹಾಡಿದ. ಅಪಸ್ವರ ಹಾಡಿದ, ನಾನು ತಿವಿದೆ."

"ದೊಡ್ಡ ದೊಡ್ಡ ಕಂಪನಿ ಕಂಪ್ಯೂಟರಿಗೆಲ್ಲ ತಂಗಾಳಿ ಬೀಸ್ತಿದ್ದ ಮಹಾರಾಯ. ಅವನ ಮನೇಲಿ ಒಂದು ಎ.ಸಿ. ಇಲ್ಲ."

"ಶ್! ನೇಟಿ ಕೇಳಿಸ್ಕೋತಾಳೆ."

ಮಾವನ ಹೆಂಡತಿ ನೇಟಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಪೆಟ್ಟಿಗೆಯ ಕಾಲ ಬಳಿ ಕೂತು, ಎರಡೂ ಅಂಗೈಯನ್ನು ತೊಡೆಯ ಮೇಲೆ ಮಲಗಿಸಿ, ಅವುಗಳನ್ನೇ ನೋಡುತ್ತಿದ್ದಳು. ಆಗಾಗ ಯಾರೂ ಕೇಳದಿದ್ದರೂ, "ಅವತ್ತು ಬೆಳಿಗ್ಗೆ ಡಬ್ಬಿಗೆ ಉಪ್ಪು ಮಾಂಸ ಹಾಕಿ ಕಳ್ಸಿದ್ದೆ. ಡಾಕ್ಟ್ರು ಉಪ್ಪು ಬೇಡ ಅಂದಿದ್ರು. ಆದ್ರೂ ಹಾಕ್ದೆ," ಎನ್ನುತ್ತಿದ್ದಳು.

ಅವಳ ಮಗಳು ಫೂಸಿ ಚಹದ ತಟ್ಟೆ ಹಿಡಿದು ಅಡುಗೆಮನೆಯಿಂದ ಬಂದಳು. ಅವಳು ಸುತ್ತಿಕೊಂಡಿದ್ದ ಹರಕು ಚಾಪೆ ಎದೆಯಿಂದ ಮೊಣಕಾಲಿನವರೆಗೆ ಇತ್ತು, ನಡೆಯಲು ಕಷ್ಟಪಡುತ್ತಿದ್ದಳು. ತಲಹೀವಾಳಿಗಿಂತ ನಾಲ್ಕು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಶಾಲೆಯ ಬಸ್ಸಿನಲ್ಲಿ ತಲಹೀವಾಳ ಪರವಾಗಿ ಜಗಳವಾಡುತ್ತಿದ್ದವಳು. ಈಗ ಬಗ್ಗಿ, ತಲೆ ಎತ್ತದೆ, ಲೋಟವನ್ನು ಅವಳ ಮುಂದೆ ಇಟ್ಟಳು.

"ಅಕ್ಕ," ಎಂದು ತಲಹೀವಾ ಪಿಸುಗುಟ್ಟಿದಳು. "ಆ ಫ್ಯಾನು..."

ಫೂಸಿ ಒಂದು ಸಲ ಬಟ್ಟೆಯ ಅಂಚನ್ನು ನೋಡಿದಳು. ಹೋಗಿ ಫ್ಯಾನಿನ ಮುಖವನ್ನು ಗೋಡೆಗೆ ತಿರುಗಿಸಿ, ಅಲ್ಲೇ ಗೋಡೆಗೆ ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಅಡುಗೆಮನೆಗೆ ಹೋದಳು.

*

ಪದವಿ ಮುಗಿಸಿ ಎಂಟು ತಿಂಗಳು ತಲಹೀವಾ ಮನೆಯಲ್ಲಿದ್ದಳು. ಗಣಿತದಲ್ಲಿ ಒಳ್ಳೆಯ ಅಂಕ ಬಂದಿತ್ತು. ಸಂದರ್ಶನಕ್ಕೆ ಹೋದಲ್ಲೆಲ್ಲ ಮೊದಲ ಪ್ರಶ್ನೆಗೇ ಮೇಜಿನ ಅಂಚು ನೋಡುತ್ತಾ ಕೂತು, ಅವರು ನೀರು ಕೊಟ್ಟು, ಅವಳು ಅದನ್ನು ಕುಡಿದು ಎದ್ದು ಬರುತ್ತಿದ್ದಳು.

ಮಾವ ಪೌಲಾಸಿ ತನ್ನ ಮೇಲಧಿಕಾರಿ ಡಾರೆಲ್‌ನ ಬಳಿ ಹೋಗಿ ಹೇಳಿದ್ದನಂತೆ: "ಅವಳು ಮಾತಾಡಲ್ಲ, ನೋಡ್ತಾಳೆ. ನಿಮ್ಮ ಆ ಕೋಣೆಗೆ ನೋಡೋರು ತಾನೆ ಬೇಕಾಗಿರೋದು?"

ಅದು ದೊಡ್ಡ ಕಂಪನಿಗಳ ಕಂಪ್ಯೂಟರು ಇಡುವ ಕಟ್ಟಡ; ಅದರ ನಿಗಾ ಕೋಣೆಯಲ್ಲಿ ಒಳಗಿನ ಉಷ್ಣಾಂಶ ತೋರಿಸುವ ಆರು ಪರದೆಗಳಿದ್ದವು. ಸಭಾಂಗಣದಷ್ಟು ದೊಡ್ಡ ಹಜಾರಗಳಲ್ಲಿ ಕಪಾಟುಗಳ ಸಾಲು, ಕಪಾಟಿನ ತುಂಬ ಕಂಪ್ಯೂಟರುಗಳು. ಅವು ಎದುರಿನ ಓಣಿಯಿಂದ ತಣ್ಣನೆ ಗಾಳಿ ಎಳೆದುಕೊಂಡು ಹಿಂದಿನ ಓಣಿಗೆ ಬಿಸಿ ಉಗುಳುತ್ತವೆ. ಬಿಸಿ ಓಣಿಗೆ ಮೇಲೆ ಚಾವಣಿ, ಎರಡೂ ತುದಿಗೆ ಬಾಗಿಲು. ಆ ಬಿಸಿ ಈ ತಂಪಿಗೆ ಸೇರಬಾರದು, ಈ ತಂಪು ಆ ಬಿಸಿಗೆ ಪೋಲಾಗಬಾರದು. ಇಷ್ಟೇ ಮಾವನ ಹದಿನಾರು ವರ್ಷದ ಕೆಲಸ. ಅದಕ್ಕೂ ಮುಂಚೆ ಮಾಂಸದ ಕಾರ್ಖಾನೆಯ ಶೀತಲ ಕೋಣೆಯಲ್ಲಿದ್ದ. "ಅಲ್ಲಿ ಸತ್ತ ಕುರಿ, ಇಲ್ಲಿ ಜೀವ ಇಲ್ಲದ ಪೆಟ್ಟಿಗೆ. ನನ್ನ ತಂಪು ಜೀವ ಇರೋರಿಗೆ ಯಾವತ್ತೂ ಸಿಗ್ಲೇ ಇಲ್ಲ ನೋಡು," ಎಂದು ನಗುತ್ತಿದ್ದ.

ಮೊದಲ ವಾರ ಅವಳನ್ನು ಓಣಿಗೆ ಕರೆದುಕೊಂಡು ಹೋಗಿ, ಒಂದು ಕಡ್ಡಿಯ ತುದಿಗೆ ತೆಳು ಕಾಗದದ ಪಟ್ಟಿ ಅಂಟಿಸಿ ಕೊಟ್ಟ. ಕಂಪನಿ ಕೊಟ್ಟ ಗಾಳಿ ಅಳೆಯುವ ಯಂತ್ರ ಅವನ ಕಪಾಟಿನಲ್ಲಿ ಡಬ್ಬಿ ಬಿಚ್ಚದೆ ಬಿದ್ದಿತ್ತು. ಕಡ್ಡಿಯನ್ನು ಕಪಾಟುಗಳ ಸಂದಿಗೆ, ಕೇಬಲ್ಲು ಇಳಿಯುವ ತೂತಿಗೆ ಹಿಡಿದರೆ, ಗಾಳಿ ಎಲ್ಲಿ ಸೋರುತ್ತಿದೆಯೋ ಅಲ್ಲಿ ಕಾಗದ ಬಾಗುತ್ತಿತ್ತು.

"ತಣ್ಣನೆ ಗಾಳಿ ನಮ್ಮ ಗಂಡಸರ ಹಾಗೆ, ಶುದ್ಧ ಸೋಮಾರಿ," ಎಂದ. "ಕೆಲಸ ಇರೋ ದಾರಿ ಬಿಟ್ಟು, ಸುಲಭದ ತೂತು ಎಲ್ಲಿದೆ ಅಂತ ಹುಡುಕುತ್ತೆ. ಒಂದು ಮೆಷಿನ್ ತೆಗೆದು ಜಾಗ ಖಾಲಿ ಬಿಟ್ರೆ ಸಾಕು, ಅಲ್ಲಿಂದ ನುಸುಳಿ ಹಿಂದಿನ ಓಣಿಗೆ ಓಡಿ ಕೂತ್ಕೊಳ್ಳುತ್ತೆ. ನಾನು ಖಾಲಿ ಜಾಗಕ್ಕೆ ಹಲಗೆ ಹಾಕಿ ಮುಚ್ತೀನಿ. ಈಗ ನಿನಗೊಂದು ಪ್ರಶ್ನೆ. ಬಿಸಿ ಓಣಿ ಇದ್ದಕ್ಕಿದ್ದ ಹಾಗೆ ತಣ್ಣಗಾಯ್ತು ಅಂತ ಪರದೆ ಮೇಲೆ ಕಾಣ್ತು. ಒಳ್ಳೇದೋ ಕೆಟ್ಟದ್ದೋ?"

"ಒಳ್ಳೇದು," ಎಂದಳು.

"ಪಾಸಾಗ್ಲಿಲ್ಲ ನೀನು. ಬಿಸಿ ಓಣಿ ಬಿಸಿಯಾಗೇ ಇರ್ಬೇಕು. ಅದು ತಣ್ಣಗಾಯ್ತು ಅಂದ್ರೆ ಎಲ್ಲೋ ಏನೋ ತೆರ್ಕೊಂಡಿದೆ. ಆಗ ಅಲಾರಂ ಹೊಡ್ಯಲ್ಲ, ನೆನಪಿಟ್ಕೋ. ಈ ಅಲಾರಂ ಶೆಕೆಗೆ ಮಾತ್ರ ಹೆದರುತ್ತೆ. ಕಣ್ಣಿಂದ್ಲೇ ಹಿಡೀಬೇಕು."

ಕೆಲಸದಲ್ಲಿ ಅವಳಿಗೆ ಕಷ್ಟವಾದದ್ದು ಒಂದೇ. ಬಿಸಿ ಓಣಿಗೆ ಯಾರೇ ಒಳಗೆ ಹೋದರೂ, ಕಾಲು ಗಂಟೆಗೊಮ್ಮೆ ಕೋಣೆಯಲ್ಲಿ ಕೂತವರು ವಾಕಿಟಾಕಿಯಲ್ಲಿ ಹೆಸರು ಹಿಡಿದು ಕರೆಯಬೇಕು, ಉತ್ತರ ಕೇಳಬೇಕು, ಬರೆದಿಡಬೇಕು. ವಾಕಿಟಾಕಿಯಲ್ಲಿ ಮಾತಾಡಿದ್ದು ಕಟ್ಟಡದ ಹನ್ನೊಂದು ಜನಕ್ಕೂ ಕೇಳುತ್ತದೆ. ಮೊದಲ ದಿನ ಅವಳು ಕರೆದಾಗ ಕಾವಲಿನವನೊಬ್ಬ, "ಯಾವುದೋ ಇಲಿ ಸಿಕ್ಕಾಕೊಂಡಿದೆ ಕಣ್ರೋ," ಎಂದಿದ್ದ. ಎಲ್ಲರೂ ನಕ್ಕಿದ್ದು ಅದೇ ವಾಕಿಟಾಕಿಯಲ್ಲಿ ಅವಳಿಗೆ ಕೇಳಿಸಿತ್ತು.

ಅವತ್ತು ಊಟದ ಹೊತ್ತಿಗೆ ಅವಳು ಮಾವನ ಪಕ್ಕ ಕೂತು, ಡಬ್ಬಿ ತೆರೆಯದೆ ಕೇಳಿದಳು. "ಮಾವ, ನಾನೇ ಕರೀಬೇಕಾ?"

ಮಾವ ಮರಗೆಣಸು ಅಗಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಅಕ್ಕನ ಮಕ್ಕಳು ಏನು ಕೇಳಿದರೂ ಸೋದರಮಾವ ಇಲ್ಲ ಅನ್ನುವಂತಿಲ್ಲ; ಅವನ ಹಂದಿಯನ್ನೋ ದೋಣಿಯನ್ನೋ ಕಾರನ್ನೋ ಕೇಳದೆ ಎತ್ತಿಕೊಂಡು ಹೋದರೂ ಅವನು ನಗುತ್ತಾ ಕಳಿಸಬೇಕು. ಬೇರೆಯವರ ಮಾವಂದಿರು ಇದರಿಂದ ದಿವಾಳಿಯಾದ ಕತೆಗಳಿದ್ದವು. ತಲಹೀವಾ ಮಾತ್ರ ಅವನಿಂದ ಒಂದು ಮಿಠಾಯಿ ಕೂಡ ಕೇಳಿದವಳಲ್ಲ.

"ಇಪ್ಪತ್ತು ವರ್ಷದಿಂದ ಕಾಯ್ತಿದ್ದೆ, ನೀನೇನಾದ್ರೂ ಕೇಳ್ಲಿ ಅಂತ," ಎಂದ. "ಕೇಳಿದ್ದು ಇದಾ! ಆಯ್ತು ಬಿಡೇ ದೊರೆಸಾನಿ. ನೀನು ಕರೀಬೇಡ. ನಾನೇ ಕರೀತೀನಿ. ನೀನು ಬರ್ಕೋ, ಅಷ್ಟೆ."

ಅಂದಿನಿಂದ ಕಾಲು ಗಂಟೆಗೊಮ್ಮೆ ಅವನೇ ಕೂಗುತ್ತಿದ್ದ: "ಪೌಲಾಸಿ ಮಾತಾಡ್ತಿರೋದು. ಬೇಯ್ತಾ ಇದ್ದೀನಿ, ಇನ್ನೂ ಬೆಂದಿಲ್ಲ." ಅವಳು ಬರೆದುಕೊಳ್ಳುತ್ತಿದ್ದಳು: ಕರೆದೆ, ಉತ್ತರ ಬಂತು, ಕ್ಷೇಮ.

*

ಬೆಳಿಗ್ಗೆ ಹತ್ತೂವರೆಗೆ ಡಾರೆಲ್ ಚರ್ಚಿಗೆ ಬಂದ. ದಪ್ಪ ಕಪ್ಪು ಕೋಟು ಹಾಕಿಕೊಂಡು, ಕೈಯಲ್ಲಿ ಹೂವಿನ ಚಕ್ರ ಹಿಡಿದು, ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿ, ತನ್ನ ಬೂಟು ಬಿಚ್ಚಬೇಕೋ ಬೇಡವೋ ತಿಳಿಯದೆ ನಿಂತಿದ್ದ. ಸೆಲು ಅಜ್ಜಿ ಅವನ ತೋಳು ಹಿಡಿದು ಬೂಟಿನ ಸಮೇತ ಒಳಗೆ ಎಳೆದುಕೊಂಡಳು.

"ಬಾರಪ್ಪ, ಬಾ. ಪೌಲಾಸಿ ನಿನ್ನ ಬಗ್ಗೆ ಹೇಳ್ತಿದ್ದ."

"ಏನ್ ಹೇಳ್ತಿದ್ರು?"

"ಒಳ್ಳೇದೇನಿಲ್ಲ. ಕೂತ್ಕೋ."

ಒಂದಿಬ್ಬರು ನಕ್ಕರು. ಡಾರೆಲ್ ಕೂಡ ನಗಲು ಹೋದ, ಆಗಲಿಲ್ಲ. ಚಾಪೆಯ ಮೇಲೆ ಮಂಡಿಯೂರಿ ನೇಟಿಯ ಮುಂದೆ ಕೂತ. ಐದು ದಿನವಾಗಿತ್ತು, ಅವನ ಮುಖ ಇನ್ನೂ ಯಾರೋ ಹೊಡೆದ ಹಾಗೇ ಇತ್ತು.

"ಅಮ್ಮ, ನಾವು ಎಲ್ಲ ಪರಿಶೀಲನೆ ಮಾಡಿದ್ವಿ," ಎಂದ. "ನಿಮಗೆ ತಿಳಿದಿರ್ಲಿ ಅಂತ ಹೇಳ್ತಿದ್ದೀನಿ. ಎರಡು ಗಂಟೆಗೆ ಒಳಗೆ ಹೋದ್ರು. ಎರಡೂಕಾಲಿಗೆ ತಲಹೀವಾ ಕರೆದಾಗ ಉತ್ತರ ಕೊಟ್ಟಿದ್ದಾರೆ, ಕ್ಷೇಮ ಅಂತ ದಾಖಲಾಗಿದೆ. ಅಲಾರಂ ಯಾವುದೂ ಹೊಡೆದಿಲ್ಲ. ಎರಡೂವರೆಗೆ ಮುಂದಿನ ಕರೆ ಹೊತ್ತಿಗೆ ಕಾವಲಿನವನು ಅವರನ್ನ ನೋಡಿದ. ಅಂದ್ರೆ ಮಧ್ಯೆ ಎಲ್ಲೋ, ಒಂದೇ ಕ್ಷಣದಲ್ಲಿ. ಯಾರಿಗೂ ಏನೂ ಮಾಡೋಕಾಗ್ತಿರ್ಲಿಲ್ಲ. ಅವರಿಗೂ ಗೊತ್ತಾಗಿರಲ್ಲ."

ನೇಟಿ ಮೊದಲ ಬಾರಿ ತಲೆ ಎತ್ತಿದಳು. ಡಾರೆಲ್‌ನನ್ನು ನೋಡಲಿಲ್ಲ. ಪೆಟ್ಟಿಗೆಯ ಉದ್ದಕ್ಕೂ ದೃಷ್ಟಿ ಹಾಯಿಸಿ, ತಲೆಯ ಬಳಿ ಕೂತಿದ್ದ ತಲಹೀವಾಳನ್ನು ನೋಡಿದಳು.

"ಎರಡೂಕಾಲಿಗೆ ನೀನು ಕರ್ದೆ," ಎಂದಳು.

ತಲಹೀವಾ ಬಾಯಿ ತೆರೆದಳು. ತೊಗಟೆಬಟ್ಟೆಯ ದೊಡ್ಡ ಸುರುಳಿ ಹೊತ್ತ ನಾಲ್ವರು ಹೆಂಗಸರು ಅದೇ ಹೊತ್ತಿಗೆ ಒಳಗೆ ಬಂದು, ಅದನ್ನು ಅವಳ ಮುಂದೆ ಬಿಡಿಸಿ ಹಾಸತೊಡಗಿದರು. ಜನ ಹಾಡಲು ಶುರುಮಾಡಿದರು. ಅವಳ ತೆರೆದ ಬಾಯಿಯೂ ಹಾಡುತ್ತಿದೆ ಎಂದೇ ಎಲ್ಲರೂ ತಿಳಿದರು.

*

ಐದು ದಿನದ ಹಿಂದಿನ ಆ ಗುರುವಾರ ಹೊರಗೆ ನಲವತ್ತೆರಡು ಡಿಗ್ರಿ. ಏಳನೇ ಓಣಿಯಲ್ಲಿ ಯಾರೋ ಗಿರಾಕಿಗಳು ಮೂರು ಮೆಷಿನ್ ತೆಗೆದುಕೊಂಡು ಹೋಗಿ, ಜಾಗ ಹಾಗೇ ಬಾಯಿ ತೆರೆದು ಬಿಟ್ಟಿದ್ದರು. ಮಾವ ಬೈಯುತ್ತಾ ಹಲಗೆಗಳನ್ನು ಕಂಕುಳಲ್ಲಿ ಹಿಡಿದು ಎರಡು ಗಂಟೆಗೆ ಒಳಗೆ ಹೋದ. ಹೋಗುವ ಮುಂಚೆ ಕೋಣೆಯ ಗಾಜಿಗೆ ಬೆರಳಿಂದ ಕುಟ್ಟಿ, ಅವಳ ಕಡೆ ಮೂಗು ಸೊಟ್ಟ ಮಾಡಿದ.

ಎರಡು ಗಂಟೆ ಹತ್ತು ನಿಮಿಷಕ್ಕೆ ಅವಳು ಎರಡೂಕಾಲರ ಸಾಲನ್ನು ಮೊದಲೇ ಬರೆದುಬಿಟ್ಟಳು. ಕರೆದೆ, ಉತ್ತರ ಬಂತು, ಕ್ಷೇಮ. ಕೆಲಸಕ್ಕೆ ಸೇರಿದಾಗಿನಿಂದ ಅದೇ ಸಾಲು. ಬೆರಳು ತಾನೇ ಬರೆಯುತ್ತಿತ್ತು.

ಎರಡು ಹನ್ನೆರಡಕ್ಕೆ ಪರದೆಯಲ್ಲಿ ಏಳನೇ ಓಣಿಯ ಬಾಗಿಲ ಬಳಿಯ ಅಂಕಿ ಇಳಿಯತೊಡಗಿತು. ನಲವತ್ತೊಂದು. ಮೂವತ್ತೊಂಬತ್ತು. ಮೂವತ್ತೈದು.

ಏನೋ ತೆರೆದುಕೊಂಡಿದೆ ಎಂದು ಅವಳಿಗೆ ತಕ್ಷಣ ತಿಳಿಯಿತು. ಮಾವ ಸೆಕೆ ತಾಳಲಾರದೆ ಬಾಗಿಲು ತೆರೆದಿಟ್ಟುಕೊಂಡು ಒಂದು ಗಳಿಗೆ ಉಸಿರು ತೆಗೆದುಕೊಳ್ಳುತ್ತಿದ್ದಾನೆ. ಪಾಪ. ಆದರೆ ಬಾಗಿಲು ತೆರೆದಿಡುವುದು ತಪ್ಪು. ಒಂದು ಸಲ ಇದಕ್ಕೇ ಅವನಿಗೆ ಎಚ್ಚರಿಕೆಯ ಪತ್ರ ಬಂದಿತ್ತು. ಈಗ ವಾಕಿಟಾಕಿಯಲ್ಲಿ ಕರೆದರೆ ಡಾರೆಲ್‌ಗೂ ಕೇಳುತ್ತದೆ. ಕೇಳದಿದ್ದರೂ, ಹನ್ನೊಂದು ಜನ.

ಎರಡೂಕಾಲಾಯಿತು. ಅವನ ಕೂಗು ಬರಲಿಲ್ಲ.

ಅವಳು ವಾಕಿಟಾಕಿ ಎತ್ತಿಕೊಂಡಳು. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟಳು. ಏನನ್ನಬೇಕು ಎಂದು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡಳು, ಇನ್ನೊಮ್ಮೆ ಹೇಳಿಕೊಂಡಳು. ದನಿ ನಡುಗದ ಹಾಗೆ ಮೂರನೆಯ ಸಲ. ಇನ್ನೇನು ಅವನೇ ಕೂಗುತ್ತಾನೆ. ಮೂವತ್ತಮೂರಕ್ಕೆ ಇಳಿದ ಅಂಕಿ ಅಲ್ಲೇ ನಿಂತಿತ್ತು. ಅಂಕಿ ನಿಂತಿದೆ, ಹಾಗಾದರೆ ಮಾವ ಇನ್ನೂ ಬಾಗಿಲಲ್ಲೇ ತಂಪಿಗೆ ನಿಂತಿದ್ದಾನೆ. ನಿಲ್ಲಲಿ ಬಿಡು.

ಎರಡು ಮೂವತ್ತೊಂದಕ್ಕೆ ವಾಕಿಟಾಕಿಯಲ್ಲಿ ಕಾವಲಿನವನ ಕೂಗು ಬಂತು. ಅದರಲ್ಲಿ ಪದಗಳೇ ಇರಲಿಲ್ಲ. ಆಮೇಲೆ ಪದಗಳು ಬಂದವು: "ಏಳನೇ ಓಣಿ, ಬಾಗಿಲಲ್ಲಿ ಬಿದ್ದಿದ್ದಾನೆ, ಬಾಗಿಲಿಗೆ ಅಡ್ಡ ಬಿದ್ದಿದ್ದಾನೆ, ಯಾರಾದ್ರೂ ಬನ್ರೋ!"

ಅವಳು ಓಡಿಹೋದಾಗ ಮಾವನ ಅರ್ಧ ದೇಹ ಓಣಿಯ ಒಳಗೆ, ಅರ್ಧ ಹೊರಗೆ ಇತ್ತು. ಬಾಗಿಲು ಅವನ ಪಕ್ಕೆಗೆ ತಾಗಿ ನಿಂತಿತ್ತು. ಅವನು ಹಾಕುತ್ತಿದ್ದ ಹಲಗೆ ಓಣಿಯ ನಡುವೆ, ಹದಿನಾಲ್ಕನೇ ಕಪಾಟಿನ ಮುಂದೆ ಬಿದ್ದಿತ್ತು. ಅಲ್ಲಿಂದ ಬಾಗಿಲವರೆಗೆ ಅವನು ನಡೆದು ಬಂದಿದ್ದ. ಬಾಗಿಲನ್ನು ತಾನೇ ತೆರೆದಿದ್ದ. ಒಂದೇ ಕ್ಷಣದಲ್ಲಿ ಹೋದವನು ಹದಿನಾಲ್ಕು ಕಪಾಟು ನಡೆಯುವುದಿಲ್ಲ.

ಇದನ್ನು ಅವಳು ಡೈರಿಯಲ್ಲೂ ಬರೆದಿರಲಿಲ್ಲ. ಐದು ರಾತ್ರಿ ತಾರೀಖು ಹಾಕಿ ಪುಟ ಮುಚ್ಚಿದ್ದಳು.

*

ಹೂಳುವ ಜಾಗಕ್ಕೆ ಹೋಗುವಾಗ ಪೆಟ್ಟಿಗೆಯ ಹಿಂದಿನ ವ್ಯಾನಿನಲ್ಲಿ ನೇಟಿ ಅವಳ ಪಕ್ಕ ಬಂದು ಕೂತಳು. ಫಾಹುವಿನ ಪಕ್ಕ ಹಾಗೆ ಕೂರುವಂತಿರಲಿಲ್ಲ. ಸೆಲು ಅಜ್ಜಿ ನೋಡಿ, ನೋಡದವಳ ಹಾಗೆ ಮುಖ ತಿರುಗಿಸಿದಳು.

"ಅತ್ತೆ," ಎಂದಳು ತಲಹೀವಾ.

ನೇಟಿ ಅವಳ ಕೈ ಹಿಡಿದಳು. ಅಂಗೈ ಐಸಿನಂತಿತ್ತು, ಆ ಬಿಸಿಲಲ್ಲಿ. "ನನಗೆ ನಿದ್ದೆ ಬರ್ತಿಲ್ಲ ಕಣೆ. ಅವರು ಕೊನೇಲಿ ಏನು ಕೇಳಿಸ್ಕೊಂಡ್ರೋ, ಆ ಮೆಷಿನ್ ಗುಯ್ ಅನ್ನೋದು ಮಾತ್ರಾನೋ ಅಂತ ಯೋಚ್ನೆ ಮಾಡಿ ಮಾಡಿ... ಈಗ ಆ ಡಾರೆಲ್ ಹೇಳಿದ್ನಲ್ಲ. ನಿನ್ನ ದನಿ ಕೇಳ್ಕೊಂಡು ಹೋದ್ರು. ನಮ್ಮೋರ ದನಿ. ಅದೊಂದು ಸಾಕು ನಂಗೆ."

ವ್ಯಾನು ಒಂದು ಉಬ್ಬು ಹತ್ತಿ ಇಳಿಯಿತು. ತಲಹೀವಾ ಕಿಟಕಿಯ ಹೊರಗೆ ನೋಡಿದಳು. ಹೆದ್ದಾರಿಯ ಆಚೆ ಬೂದು ಬಣ್ಣದ ಕಟ್ಟಡಗಳ ಸಾಲು, ಒಂದಕ್ಕೂ ಕಿಟಕಿಯಿಲ್ಲ. ನೇಟಿಯ ಕೈ ಅವಳ ಕೈಯಲ್ಲಿ ನಿಧಾನವಾಗಿ ಬೆಚ್ಚಗಾಗುತ್ತಿತ್ತು. ಈ ಬೆಚ್ಚಗಾಗುತ್ತಿರುವ ಕೈಯನ್ನು ಬಿಡಿಸಿ ಏನು ಹೇಳಲಿ?

ಗುಂಡಿಯ ಬಳಿ ಗಂಡಸರು ಅಂಗಿ ಬಿಚ್ಚಿ ಸಲಿಕೆ ಹಿಡಿದರು. ಮಣ್ಣು ತುಂಬುವ ಬಾಡಿಗೆಯ ಯಂತ್ರ ಒಂದು ಪಕ್ಕ ನಿಂತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಕಾವಲಿನವನೂ ಬಂದಿದ್ದ, ಇಲಿ ಅಂದಿದ್ದವನು. ಸಲಿಕೆ ಇಸಿದುಕೊಂಡು ಮಣ್ಣು ಹಾಕಿದ, ಹಾಕಿದ, ಬೇರೆಯವರು ಸಾಕು ಅಂದರೂ ನಿಲ್ಲಿಸಲಿಲ್ಲ. ಕೊನೆಗೆ ಡಾರೆಲ್ ಅವನ ಕೈಯಿಂದ ಸಲಿಕೆ ಕಿತ್ತುಕೊಂಡು, ಕೋಟು ಹಾಕಿಕೊಂಡೇ ತಾನು ಶುರುಮಾಡಿದ. ಹಾಡು ಎತ್ತರಕ್ಕೇರಿ, ಮಣ್ಣು ಪೆಟ್ಟಿಗೆಯ ಮೇಲೆ ಬೀಳುವ ಸದ್ದನ್ನು ಮುಚ್ಚಿತು.

ಫೂಸಿ ಹಾಡಲಿಲ್ಲ. ಹರಕು ಚಾಪೆಯೊಳಗೆ ನೆಟ್ಟಗೆ ನಿಂತು, ಗುಂಡಿ ತುಂಬುವುದನ್ನು ಏನೋ ಲೆಕ್ಕ ತಪ್ಪಿದವಳ ಹಾಗೆ ನೋಡುತ್ತಿದ್ದಳು.

*

ಸಾಮಾನ್ಯವಾಗಿ ಹತ್ತನೇ ದಿನ ಮಾಡುವುದನ್ನು ಅವತ್ತೇ ಸಂಜೆ ಮಾಡಬೇಕೆಂದು ಹಿರಿಯರು ನಿರ್ಧರಿಸಿದರು; ದ್ವೀಪದಿಂದ ಬಂದವರ ವಿಮಾನ ಮಾರನೆಯ ದಿನವಿತ್ತು. ಮಾವನ ಮನೆಯ ಹಿಂದಿನ ಜಗಲಿಯಲ್ಲಿ ಚಾಪೆ ಹಾಸಿದರು. ಮನೆಯೊಳಗೆ ಇನ್ನೂ ಕಾಲಿಡಲು ಆಗದಷ್ಟು ಸೆಕೆ. ಅಡುಗೆಮನೆಯ ಕಿಟಕಿಯಿಂದ ಕೆಸುವಿನೆಲೆ, ತೆಂಗಿನಹಾಲು, ಕುರಿಮಾಂಸ ಒಟ್ಟಿಗೆ ಬೇಯುವ ವಾಸನೆ, ಪಾತ್ರೆಯ ಸದ್ದು, ಹೆಂಗಸರ ಮಾತು.

ತಂದೆಯನ್ನು ಕಳೆದುಕೊಂಡವರ ಕೂದಲನ್ನು ಫಾಹು ಕತ್ತರಿಸಬೇಕು. ತಲಹೀವಾಳನ್ನು ಕುರ್ಚಿಯಲ್ಲಿ ಕೂರಿಸಿದರು. ಫೂಸಿ ಬಂದು ಅವಳಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಳು. ಸೊಂಟದ ಕೆಳಗೆ ಇಳಿಯುತ್ತಿದ್ದ ಕೂದಲು. ಮಾವ ಇದನ್ನು ಎಲ್ಲರಿಗೂ ತೋರಿಸಿ ಹೆಮ್ಮೆಪಡುತ್ತಿದ್ದ. ಸೆಲು ಅಜ್ಜಿ ಅದನ್ನು ಒಂದೇ ಜಡೆ ಮಾಡಿ ತುದಿ ಕಟ್ಟಿ, ಕತ್ತರಿಯನ್ನು ತಲಹೀವಾಳ ಕೈಗೆ ಕೊಟ್ಟಳು.

"ಒಂದು ಗೇಣು ಸಾಕು," ಎಂದಳು.

"ಗೇಣಲ್ಲ," ಎಂದಳು ಫೂಸಿ. "ಕತ್ತಿನ ತನಕ ತೆಗಿ."

"ಹುಚ್ಚೇನೇ ನಿಂಗೆ? ನಾಳೆ ಕೆಲಸಕ್ಕೆ ಹೋಗೋಳು."

"ತೆಗಿ ಹೀವಾ. ಬುಡಕ್ಕೇ ತೆಗಿ. ನಾನೇ ಅಲ್ವಾ ಅಪ್ಪನ್ನ ಸಾಯ್ಸಿದ್ದು."

ಅಜ್ಜಿ ಅವಳ ಭುಜಕ್ಕೆ ಒಂದು ಏಟು ಕೊಟ್ಟಳು. "ಬಾಯಿ ಮುಚ್ಚು."

"ಇಲ್ಲ ಅಜ್ಜಿ, ನಿಮಗೆ ಗೊತ್ತಿಲ್ಲ." ಫೂಸಿಯ ದನಿಯಲ್ಲಿ ಅಳು ಇರಲಿಲ್ಲ; ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಗುರುವಾರ ಬೆಳಿಗ್ಗೆ ಎ.ಸಿ. ಕೊಂಡ್ಕೊಂಡು ಬಂದಿದ್ದೆ, ಅಮ್ಮನ ಕೋಣೆಗೆ. ಅಪ್ಪ ಬೇಡ ಅಂದ್ರು. ಕಿಟಕಿ ತೆಗೆದ್ರೆ ಆಯ್ತು, ಗಾಳಿಗೆ ದಾರಿ ಮಾಡಿಕೊಟ್ರೆ ಸಾಕು ಅಂದ್ರು. ನಾನು ಕೂಗಾಡ್ದೆ. ನಿನ್ನ ದರಿದ್ರ ಪೆಟ್ಟಿಗೆಗಳು ತಣ್ಣಗಿರ್ಲಿ, ನಾವು ಬೆಂದು ಸಾಯೋಣ ಅಂದೆ. ನೀನೂ ಅಲ್ಲೇ ಹೋಗಿ ಬೆಂದು ಸಾಯಿ ಅಂದೆ. ಅಂದೆ ಅಜ್ಜಿ, ಬಾಯಲ್ಲಿ ಅಂದೆ. ಅವರು ಏನೂ ಅನ್ಲಿಲ್ಲ. ಊಟದ ಡಬ್ಬಿ ತಗೊಂಡು ಹೋದ್ರು. ಎರಡೂಕಾಲಿಗೆ ಚೆನ್ನಾಗಿದ್ದೋರು ಆಮೇಲೆ ಇದ್ದಕ್ಕಿದ್ದ ಹಾಗೆ ಯಾಕೆ ಹೋಗ್ತಾರೆ? ನಾನಂದಿದ್ದು ಎದೇಲಿ ಕೂತಿತ್ತು. ಅದೇ ಒಡೀತು."

ಜಗಲಿಯ ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ತನ್ನ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

ತಲಹೀವಾ ಜಡೆಯನ್ನು ಎಡಗೈಯಲ್ಲಿ ಎತ್ತಿದಳು. ಅದು ಇಷ್ಟು ಭಾರವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಜಡೆಯ ಕೆಳಗಿದ್ದ ಕುತ್ತಿಗೆ ಬೆವೆತು, ಸಣ್ಣ ಕೂದಲುಗಳು ಚರ್ಮಕ್ಕೆ ಅಂಟಿದ್ದವು. ಅವಳು ಕತ್ತರಿಯನ್ನು ಕುತ್ತಿಗೆಯ ಬಳಿ ತಂದಳು. ಇದೊಂದು ಸಲ ಒತ್ತಿದರೆ ಮುಗಿಯಿತು. ಜಡೆ ಬೀಳುತ್ತದೆ, ಎಲ್ಲರೂ ಊಟಕ್ಕೆ ಏಳುತ್ತಾರೆ. ನೇಟಿ ಅತ್ತೆ ಇವತ್ತು ನಿದ್ದೆ ಮಾಡುತ್ತಾಳೆ. ಫೂಸಿ ಅಕ್ಕ ಮಾತ್ರ ಮಾಡುವುದಿಲ್ಲ, ಇವತ್ತೂ ಇಲ್ಲ, ಇನ್ನು ಯಾವತ್ತೂ ಇಲ್ಲ. ಕೂದಲು ಬೆಳೆದ ಹಾಗೆಲ್ಲ ಕತ್ತರಿಸಿಕೊಳ್ಳುತ್ತಾಳೆ.

ಕತ್ತರಿ ಬಾಯಿ ತೆರೆದುಕೊಂಡೇ ಇತ್ತು.

"ಏನೇ, ಕತ್ತರಿಸಲ್ವಾ," ಎಂದಳು ಅಜ್ಜಿ. "ಕೊಡು, ನಾನು ಹಿಡ್ಕೋತೀನಿ ಜಡೆ."

ಅವಳು ಕೊಡಲಿಲ್ಲ. ತುಟಿ ಅಲುಗಿತು.

"ಏನಂದೆ? ಕೇಳಿಸ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನೇಟಿ ಬಂದು ನಿಂತಿದ್ದಳು, ಕೈಯಲ್ಲಿ ಎಲೆಯ ಪೊಟ್ಟಣಗಳ ತಟ್ಟೆ, ಆವಿ ಅವಳ ಮುಖಕ್ಕೆ ಏಳುತ್ತಿತ್ತು. ಅವಳ ಹಿಂದೆ ಇನ್ನಿಬ್ಬರು. ಕಟ್ಟೆಯ ಮೇಲೆ ಗಂಡಸರು. ಎಲ್ಲರೂ ಇತ್ತಲೇ ನೋಡುತ್ತಿದ್ದರು, ಹನ್ನೊಂದಕ್ಕಿಂತ ಹೆಚ್ಚು ಜನ.

ತಲಹೀವಾ ಕತ್ತರಿಯನ್ನು ಮಡಿಲಿಗೆ ಇಳಿಸಿದಳು. ಜಡೆಯನ್ನು ಬಿಡಲಿಲ್ಲ, ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಬೇಲಿಯಾಚೆಯ ಮನೆಯವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು:

"ಎರಡೂಕಾಲಿಗೆ ನಾನು ಮಾವನ್ನ ಕರೀಲೇ ಇಲ್ಲ."